ಗಬ್ಬ ಕಟ್ಟಲಿಲ್ಲವೆ? ಬೀಜವನ್ನೂ ವಿಚಾರಿಸಿ

ನಮ್ಮ ದಂಡಿನಶಿವರದ ಕಡೆ ಒಂದು ಹಸು ಮೂರು ಸಲ ಬೆದೆಗೆ ಬಂದು, ಮೂರು ಸಲವೂ ಗಬ್ಬ ಕಟ್ಟದಿದ್ದರೆ ಅದರ ಹಣೆಬರಹ ತೀರ್ಮಾನವಾದಂತೆಯೇ. ‘ಗೊಡ್ಡು’ ಅಂತ ಹೆಸರಿಟ್ಟು ಸಂತೆಗೆ ಹೊಡೆಯುತ್ತಾರೆ. ಸಂತೆಗೆ ಹೋದ ಗೊಡ್ಡು ಹಸುವಿಗೆ ಬೆಲೆ ಎಷ್ಟು ಅಂತ ನಿಮಗೆ ಹೇಳಬೇಕಾಗಿಲ್ಲ. ಹಾಗೆ ಮಾರಿದ ಹಸು ಪಕ್ಕದ ಊರಿನವರ ಕೊಟ್ಟಿಗೆಯಲ್ಲಿ ಒಂದೇ ಸಲಕ್ಕೆ ಗಬ್ಬವಾಗಿ ಕರು ಹಾಕಿದ್ದನ್ನೂ ನಾನು ಕಂಡಿದ್ದೇನೆ. ಹಸು ಅದೇ. ಬದಲಾದದ್ದು ಬೀಜ, ಇಲ್ಲವೆ ಬೀಜ ಹಾಕಿದ ಕೈ, ಇಲ್ಲವೆ ಹಾಕಿದ ಹೊತ್ತು.

ರಾಗಿ ಬಿತ್ತುವ ಮುಂಚೆ ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ನೋಡುವವರು ನಾವು. ತೆಂಗಿನ ಬೀಜದ ಕಾಯಿ ಆರಿಸುವಾಗ ತಾಯಿಮರದ ವಯಸ್ಸು ಕೇಳ್ತೀವಿ, ಗೊನೆ ಎಣಿಸ್ತೀವಿ, ಕಾಯಿ ಅಲ್ಲಾಡಿಸಿ ನೀರಿನ ಸದ್ದು ಕೇಳ್ತೀವಿ. ಆದರೆ ಹಸುವಿನ ಹೊಟ್ಟೆಗೆ ಹೋಗುವ ಬೀಜದ ವಿಷಯದಲ್ಲಿ ಒಂದು ಮಾತೂ ಕೇಳೋದಿಲ್ಲ. ಡಾಕ್ಟ್ರು ಬಂದರು, ಕಡ್ಡಿ ಹಾಕಿದರು, ಹೋದರು. ಇಪ್ಪತ್ತೊಂದು ದಿನಕ್ಕೆ ಹಸು ಮತ್ತೆ ಕೂಗಿದರೆ ಬೈಗುಳವೆಲ್ಲಾ ಹಸುವಿಗೆ.

ನನ್ನ ಅಕ್ಕನ ಮಗ ಪಶುವೈದ್ಯಕೀಯ ಓದಿದವನು. ಅವನು ಕೆಲಸ ಮಾಡುವ ಕಡೆ ಹೋಗಿದ್ದಾಗ ‘ಮಾವ, ಬನ್ನಿ ಇಲ್ಲಿ, ಒಂದು ಕಣ್ಣು ಮುಚ್ಕೊಂಡು ನೋಡಿ’ ಅಂತ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದ. ಹೋರಿಯಿಂದ ಆಗತಾನೆ ತೆಗೆದ ವೀರ್ಯದ ಒಂದು ತೊಟ್ಟು. ಕಂಡದ್ದು ಏನಂತೀರಿ? ಗಾಳಿಗೆ ಸುಳಿದಾಡುವ ಪೈರಿನ ಹಾಗೆ ಅಲೆ ಅಲೆ. ಆಮೇಲೆ ಅದಕ್ಕೇ ಬೆರೆಸುವ ದ್ರಾವಣ ಹಾಕಿ ತೆಳ್ಳಗೆ ಮಾಡಿ ತೋರಿಸಿದ. ಈಗ ಒಂದೊಂದೂ ಬಿಡಿಬಿಡಿಯಾಗಿ ಕಂಡವು. ಕೆಲವು ಈಟಿ ಎಸೆದ ಹಾಗೆ ನೆಟ್ಟಗೆ ಹೋಗುತ್ತಿದ್ದವು. ಕೆಲವು ಗಾಣದ ಎತ್ತಿನ ಹಾಗೆ ಅಲ್ಲೇ ಸುತ್ತುತ್ತಿದ್ದವು. ಕೆಲವು ನಿಂತಲ್ಲೇ ನಡುಗುತ್ತಿದ್ದವು. ಕೆಲವು ಸುಮ್ಮನೆ ಬಿದ್ದಿದ್ದವು. ‘ನೆಟ್ಟಗೆ ಹೋಗೋವು ಮಾತ್ರ ಲೆಕ್ಕಕ್ಕೆ, ಮಾವ. ಮಿಕ್ಕಿದ್ದು ಜೊಳ್ಳು’ ಅಂದ. ನೂರಕ್ಕೆ ಎಪ್ಪತ್ತಾದರೂ ನೆಟ್ಟಗೆ ಹೋಗದಿದ್ದರೆ ಆ ವೀರ್ಯವನ್ನು ಹೆಪ್ಪುಗಟ್ಟಿಸಲು ತೆಗೆದುಕೊಳ್ಳುವುದಿಲ್ಲವಂತೆ.

ಈ ಓಟಕ್ಕೆ ಶಕ್ತಿ ಎಲ್ಲಿಂದ ಬರುತ್ತೆ, ಏನಾದರೆ ನಿಂತುಹೋಗುತ್ತೆ ಅನ್ನೋದು ತಿಳಿದರೆ ಮಿಕ್ಕದ್ದೆಲ್ಲಾ ತಾನಾಗೇ ಅರ್ಥವಾಗುತ್ತೆ.

ವೀರ್ಯಾಣುವಿಗೆ ತಲೆ, ನಡು, ಬಾಲ ಅಂತ ಮೂರು ಭಾಗ. ತಲೆಯಲ್ಲಿ ತಳಿಯ ಗುಣವೆಲ್ಲಾ ಮಡಗಿದೆ. ನಡುವಿನಲ್ಲಿ ಸುರುಳಿ ಸುತ್ತಿದಂತೆ ಎಂಜಿನ್ನುಗಳಿವೆ. ಬಾಲ ಬಡಿಯಲು ಬೇಕಾದ ಕರೆಂಟು ಅಂದರೆ ಎಟಿಪಿ ಎಂಬ ವಸ್ತು. ಅದನ್ನು ತಯಾರು ಮಾಡಲು ಸಕ್ಕರೆ ಸುಡಬೇಕು. ವೀರ್ಯಾಣುವಿಗೆ ತನ್ನದೇ ಬುತ್ತಿ ಬಹಳ ಕಮ್ಮಿ. ಹೋರಿಯ ಒಳಗಿನ ಬೇರೆ ಗ್ರಂಥಿಗಳಿಂದ ಬರುವ ರಸದಲ್ಲಿ ಬುತ್ತಿ ಇರುತ್ತೆ. ಆ ಬುತ್ತಿ ನಮ್ಮ ಬೆಲ್ಲ-ಸಕ್ಕರೆಯಲ್ಲ, ಹಣ್ಣಿನಲ್ಲಿರುವ ಫ್ರಕ್ಟೋಸ್ ಸಕ್ಕರೆ ಅಂತ 1946ರಲ್ಲಿ ಕೇಂಬ್ರಿಜ್‌ನ ಥೇಡಿಯಸ್ ಮಾನ್ ಎಂಬ ವಿಜ್ಞಾನಿ ತೋರಿಸಿಕೊಟ್ಟ. ಹೋರಿಯ ವೀರ್ಯ 100 ಮಿ.ಲೀ. ತೆಗೆದುಕೊಂಡರೆ ಅದರಲ್ಲಿ ಹೆಚ್ಚುಕಮ್ಮಿ ಅರ್ಧ ಗ್ರಾಂ ಇರುತ್ತೆ.

ಹೋರಿಯ ಬೀಜಕ್ಕೆ ಅಂಟಿಕೊಂಡಿರುವ ಸುರುಳಿನಾಳದಲ್ಲಿ ಈ ವೀರ್ಯಾಣುಗಳು ಓಡುವುದಿಲ್ಲ, ಮಲಗಿರುತ್ತವೆ. ಅಲ್ಲಿನ ರಸ ಸ್ವಲ್ಪ ಹುಳಿ. ಹೊರಗೆ ಬರುವಾಗ ಗ್ರಂಥಿರಸ ಬೆರೆತು, ಅಡಿಗೆ ಸೋಡಾ ಜಾತಿಯ ಲವಣ, ಸುಣ್ಣದ ಅಂಶ, ಸಕ್ಕರೆ ಎಲ್ಲಾ ಸಿಕ್ಕಿ ಎದ್ದು ಓಡಲು ಶುರು. ಅಲ್ಲಿಂದಲೇ ಬುತ್ತಿಯೂ ಖರ್ಚಾಗಲು ಶುರು. ಗಾಳಿ ಸಾಲದ ಕಡೆ ಸಕ್ಕರೆ ಸುಟ್ಟರೆ ಉಳಿಯುವುದು ಲ್ಯಾಕ್ಟಿಕ್ ಆಮ್ಲ. ಇದು ನಮಗೆ ಗೊತ್ತಿರೋದೇ. ಹಾಲು ಮೊಸರಾಗುವಾಗ ಹುಳಿ ಬರಿಸುವುದು ಇದೇ ಆಮ್ಲ. ವೀರ್ಯ ಬೆಚ್ಚಗೆ ಹಾಗೇ ಇಟ್ಟರೆ ಬುತ್ತಿ ಮುಗಿಯುತ್ತೆ, ಹುಳಿ ಏರುತ್ತೆ, ಓಟ ನಿಲ್ಲುತ್ತೆ.

ಇದರ ಮೇಲೇ ಒಂದು ಪರೀಕ್ಷೆ ಇದೆ. ಹಾಲಿನ ಡೇರಿಯಲ್ಲಿ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಹಾಕಿ ಹಾಲು ನೋಡುವುದು ಕೆಲವರಿಗೆ ಗೊತ್ತಿರಬಹುದು. ಬೇಗ ಬಣ್ಣ ಹೋದರೆ ಹಾಲಿನಲ್ಲಿ ಕ್ರಿಮಿ ಜಾಸ್ತಿ, ಹಾಲು ಕೆಟ್ಟದ್ದು ಅಂತ ಲೆಕ್ಕ. ವೀರ್ಯಕ್ಕೂ ಅದೇ ನೀಲಿ ಹಾಕುತ್ತಾರೆ. ಇಲ್ಲಿ ಲೆಕ್ಕ ತಿರುವುಮುರುವು. 3ರಿಂದ 6 ನಿಮಿಷದಲ್ಲಿ ಬಣ್ಣ ಹೋದರೆ ವೀರ್ಯಾಣು ಚೆನ್ನಾಗಿ ಸಕ್ಕರೆ ಸುಡುತ್ತಿದೆ, ಒಳ್ಳೆಯದು. 9 ನಿಮಿಷ ದಾಟಿದರೂ ನೀಲಿ ಹಾಗೇ ಇದ್ದರೆ ಆ ಹೋರಿಯನ್ನು ನಂಬಬೇಡಿ.

ಬರೀ ಹುಳಿಯಲ್ಲ, ಗಾಳಿಯಲ್ಲಿರುವ ಆಮ್ಲಜನಕವೂ ಶತ್ರುವೇ. ವೀರ್ಯಾಣುವಿನ ಮೇಲಿನ ಪೊರೆ ಎಣ್ಣೆಯ ಅಂಶದ್ದು. ಹಳೇ ಕೊಬ್ಬರಿ ಎಣ್ಣೆ ಕಮಟು ಹಿಡಿಯುವ ಹಾಗೆ ಆ ಪೊರೆಯೂ ಕೆಡುತ್ತೆ. ಸತ್ತ ವೀರ್ಯಾಣುಗಳಿಂದ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿ ಪಕ್ಕದಲ್ಲಿ ಬದುಕಿದ್ದವನ್ನೂ ಕೊಲ್ಲುತ್ತೆ. ಬುಟ್ಟಿಯಲ್ಲಿ ಒಂದು ಟೊಮೇಟೊ ಕೊಳೆತರೆ ಏನಾಗುತ್ತೆ ನೋಡಿದ್ದೀರಲ್ಲ, ಹಾಗೇ. ಇದನ್ನು ತಡೆಯಲು ಹೋರಿಯ ಮೈಯಲ್ಲೇ ಕಾವಲು ಇದೆ. ಇ ಜೀವಸತ್ವ, ಸತು, ಸೆಲೆನಿಯಂ ಇವೇ ಆ ಕಾವಲಿನ ಸಾಮಾನು. ಸೆಲೆನಿಯಂ ತೀರಾ ಕಮ್ಮಿಯಾದರೆ ವೀರ್ಯಾಣುವಿನ ನಡು-ಬಾಲ ಮುರಿದಂತಾಗಿ ಓಟವೇ ಇರುವುದಿಲ್ಲ.

ಹೋರಿ ಸಾಕುವವರಿಗೆ

ನಮ್ಮ ಕಡೆ ಹಳ್ಳಿಕಾರ್ ಹೋರಿ ಸಾಕುವ ಶೋಕಿ ಇನ್ನೂ ಹೋಗಿಲ್ಲ, ಹೋಗಲೂ ಬಾರದು. ನಮ್ಮ ಜಿಲ್ಲೆಯ ಕುಣಿಕೇನಹಳ್ಳಿಯಲ್ಲಿ ಹಳ್ಳಿಕಾರ್ ತಳಿಗೆ, ತಿಪಟೂರಿನ ಪಕ್ಕದ ಕೊನೇಹಳ್ಳಿಯಲ್ಲಿ ಅಮೃತಮಹಲ್‌ಗೆ ಅಂತ ಸರ್ಕಾರದ ಕೇಂದ್ರಗಳೇ ಇವೆ. ಸಿದ್ಧಗಂಗೆ ಜಾತ್ರೆಗೆ ಹೋರಿ ಕಟ್ಟುವವರು ಕೊಂಬಿಗೆ ಎಣ್ಣೆ, ಮೈಗೆ ಹೊಳಪು ಎಲ್ಲಾ ನೋಡುತ್ತಾರೆ. ಬೀಜದ ಚೀಲ ಯಾರೂ ನೋಡೋದಿಲ್ಲ.

ಬೀಜ ಮೈಯಿಂದ ಹೊರಗೆ ಯಾಕೆ ಜೋತಾಡುತ್ತಿದೆ? ತಂಪಿಗೆ. ಹೋರಿಯ ಮೈ ಬಿಸಿ 38.5 ಡಿಗ್ರಿ ಇದ್ದರೆ ಬೀಜದ ಬಿಸಿ ಅದಕ್ಕಿಂತ 2ರಿಂದ 6 ಡಿಗ್ರಿ ಕಮ್ಮಿ ಇರಬೇಕು. ಬಿಸಿಲಲ್ಲಿ ಸೆಕೆಯಾದರೆ ಚೀಲ ಇಳಿಬೀಳುತ್ತೆ, ಚಳಿಯಲ್ಲಿ ಮೇಲಕ್ಕೆ ಸೇರಿಕೊಳ್ಳುತ್ತೆ. ಮಾರ್ಚಿ-ಏಪ್ರಿಲ್‌ನಲ್ಲಿ ಶೀಟಿನ ಚಾವಣಿ ಕೆಳಗೆ, ಗಾಳಿಯಾಡದ ಕಡೆ ಹೋರಿ ಕಟ್ಟಿದರೆ ಈ ಏರ್ಪಾಡು ಸಾಲುವುದಿಲ್ಲ. ತಯಾರಾಗುತ್ತಿರುವ ವೀರ್ಯಾಣು ಒಳಗೇ ಬೆಂದುಹೋಗುತ್ತೆ.

ಮೋಸ ಇರೋದು ಇಲ್ಲೇ. ಹೋರಿಯಲ್ಲಿ ಒಂದು ವೀರ್ಯಾಣು ಹುಟ್ಟಿ ಪೂರ್ತಿ ಬೆಳೆಯಲು ಸುಮಾರು 60 ದಿನ, ಆಮೇಲೆ ಸುರುಳಿನಾಳದಲ್ಲಿ ಮಾಗಲು ಇನ್ನೊಂದು ವಾರ ಹತ್ತು ದಿನ ಬೇಕು. ಹಾಗಾಗಿ ಇವತ್ತಿನ ಬಿಸಿಲ ಏಟು ಇವತ್ತು ಕಾಣೋದಿಲ್ಲ. ಎರಡು ಮೂರು ವಾರ ಬಿಟ್ಟು ಶುರುವಾಗಿ ಎರಡು ತಿಂಗಳವರೆಗೂ ಇರುತ್ತೆ. ಯುಗಾದಿ ಬಿಸಿಲಿನಲ್ಲಿ ನರಳಿದ ಹೋರಿ ಕಾರ ಹುಣ್ಣಿಮೆ ಹೊತ್ತಿಗೆ ಮಳೆ ಬಿದ್ದು ತಂಪಾಗಿ ಮೈಕೈ ತುಂಬಿಕೊಂಡು ಹಾರಾಡುತ್ತಿರುತ್ತೆ. ಹಸು ಮೇಲೂ ಚೆನ್ನಾಗೇ ಹತ್ತುತ್ತೆ. ಬೀಜ ಮಾತ್ರ ಜೊಳ್ಳು. ಹತ್ತುವ ಹುಮ್ಮಸ್ಸು ಬೇರೆ, ಬೀಜದ ಓಟ ಬೇರೆ. ಇದೊಂದು ಮಾತು ನಮ್ಮವರ ತಲೆಗೆ ಹೋದರೆ ಅರ್ಧ ಕೆಲಸವಾದ ಹಾಗೆ.

ಜ್ವರಕ್ಕೂ ಇದೇ ಲೆಕ್ಕ. ಕಾಲುಬಾಯಿ ಜ್ವರವಾಗಲಿ, 2022ರಲ್ಲಿ ನಮ್ಮ ರಾಜ್ಯದಲ್ಲೆಲ್ಲಾ ಹರಡಿದ ಚರ್ಮಗಂಟು ರೋಗವಾಗಲಿ, ಗುಣವಾದ ತಕ್ಷಣ ಹೋರಿ ಬಿಡಬಾರದು. ಗಂಟು ರೋಗದ ವೈರಾಣು ವೀರ್ಯದಲ್ಲೂ ಇರುತ್ತೆ. ಎರಡು ತಿಂಗಳಾದರೂ ಬಿಟ್ಟು, ಡಾಕ್ಟ್ರಿಗೆ ತೋರಿಸಿ ಆಮೇಲೆ ಯೋಚನೆ ಮಾಡಿ.

ನೆರಳಿಗೆ ನಮಗೇನು ಬರ? ತೆಂಗಿನ ತೋಟ ಇದ್ದವರು ಹಗಲು ಅಲ್ಲೇ ಕಟ್ಟಲಿ, ಗರಿ ಬೀಳದ ಜಾಗ ನೋಡಿ. ನಮ್ಮಂಥ ಹೊಲದವರು ಹುಣಸೆ, ಬೇವು, ಹೊಂಗೆ ಕೆಳಗೆ ಕಟ್ಟಬಹುದು. ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿದರೂ ಬಹಳ ಕಮ್ಮಿಯಾಗುತ್ತೆ.

ಮೇವಿನ ಮಾತಿಗೆ ಬರೋಣ. ಬೇಸಿಗೆಯಲ್ಲಿ ಬರೀ ರಾಗಿ ಹುಲ್ಲು ತಿಂದ ಹೋರಿಗೆ ಎ ಜೀವಸತ್ವದ ಕೊರತೆ ಬರುತ್ತೆ. ಅದು ಬರುವುದು ಹಸಿರಿನಿಂದ. ದಿನಕ್ಕೆ ಒಂದು ತೆಕ್ಕೆ ಅಗಸೆಯೋ ನುಗ್ಗೆಯೋ ಗ್ಲಿರಿಸಿಡಿಯಾವೋ ಹಾಕಿದರೂ ಸಾಕು. ಬೇಲಿಯ ಮೇಲೆ ಬೆಳೆಯುವುದಕ್ಕೆ ನೀರಾವರಿ ಬೇಕಿಲ್ಲ. ಸತು, ಸೆಲೆನಿಯಂ, ತಾಮ್ರ ಇವಕ್ಕೆ ಖನಿಜ ಮಿಶ್ರಣ ಕೊಡಿ. ಹೆಚ್ಚು ಕೊಟ್ಟರೆ ಹೆಚ್ಚು ಗುಣ ಅಂತ ಸುರಿಯಬೇಡಿ. ಸೆಲೆನಿಯಂ ಜಾಸ್ತಿಯಾದರೆ ವಿಷ. ಚೀಲದ ಮೇಲೆ ಬರೆದ ಅಳತೆ ಮೀರಬಾರದು.

ಹತ್ತಿಕಾಳು ಹಿಂಡಿಯ ಬಗ್ಗೆ ಒತ್ತಿ ಹೇಳಬೇಕು. ಕರೆಯುವ ಹಸುವಿಗೆ ಬೆಣ್ಣೆ ಅಂಶ ಬರುತ್ತೆ ಅಂತ ತಂದ ಹಿಂಡಿಯನ್ನೇ ಹೋರಿಗೂ ಹಾಕುತ್ತಾರೆ. ಹತ್ತಿಕಾಳಿನಲ್ಲಿ ಗಾಸಿಪಾಲ್ ಅಂತ ಒಂದು ವಸ್ತು ಇದೆ. ಹಸುವಿಗೆ ಹಿತಮಿತದಲ್ಲಿ ತೊಂದರೆಯಿಲ್ಲ. ಹೋರಿಯಲ್ಲಿ ಅದು ನೇರವಾಗಿ ವೀರ್ಯಾಣುವಿನ ನಡುವಿನ ಎಂಜಿನ್ನನ್ನೇ ಕೆಡಿಸುತ್ತೆ. ಎಂಜಿನ್ ಕೆಟ್ಟ ಮೇಲೆ ಬಾಲ ಇದ್ದು ಏನು ಮಾಡುವುದು? ಹಿಂಡಿ ನಿಲ್ಲಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತೆ, ಆದರೆ ಅದಕ್ಕೂ ಅದೇ ಎರಡು ತಿಂಗಳು ಕಾಯಬೇಕು. ಬೀಜದ ಹೋರಿಗೆ, ಅದರಲ್ಲೂ ಎಳೇ ಹೋರಿಗೆ, ಕಡಲೆಕಾಯಿ ಹಿಂಡಿ ಅಥವಾ ನಮ್ಮದೇ ಕೊಬ್ಬರಿ ಹಿಂಡಿ ಕೊಡಿ. ಅದೂ ಬೂಸಲು ಹಿಡಿದದ್ದು ಬೇಡ.

ದಿನಕ್ಕೆ ನಾಲ್ಕು ಹಸುವಿಗೆ ಬಿಟ್ಟು ದುಡ್ಡು ಮಾಡುವವರೂ ಇದ್ದಾರೆ. ನಾಲ್ಕನೆಯದಕ್ಕೆ ಸಿಗುವುದು ಹೆಚ್ಚಾಗಿ ಮಾಗದ ಎಳೇ ಬೀಜ. ವಾರಕ್ಕೆ ಎರಡು ಮೂರು ಸಲ ಅಂದರೆ ಸರಿ. ತಿಂಗಳುಗಟ್ಟಲೆ ಬಿಡದೇ ಕಟ್ಟಿದ ಹೋರಿಯ ಮೊದಲ ಬೀಜದಲ್ಲೂ ಹಳೇ, ಸತ್ತ ವೀರ್ಯಾಣು ತುಂಬಿರುತ್ತೆ. ಊರೂರಿನ ಹಸುಗಳಿಗೆ ಒಂದೇ ಹೋರಿ ಬಿಟ್ಟರೆ ಕಂದು ಹಾಕಿಸುವ ಬ್ರುಸೆಲ್ಲಾ ರೋಗವೂ ಕೊಟ್ಟಿಗೆಯಿಂದ ಕೊಟ್ಟಿಗೆಗೆ ಹೋಗುತ್ತೆ. ಅದು ಮನುಷ್ಯರಿಗೂ ಬರುವ ರೋಗ. ರಕ್ತ ಪರೀಕ್ಷೆ ಮಾಡಿಸದ ಹೋರಿ ಯಾರದ್ದೇ ಆಗಲಿ, ಬೇಡ.

ಕಡ್ಡಿಯ ಕತೆ

ಕೃತಕ ಗರ್ಭಧಾರಣೆ ದೂರದೇಶದಿಂದ ಮೊನ್ನೆ ಬಂದದ್ದು ಅಂತ ಬಹಳ ಜನ ತಿಳಿದಿದ್ದಾರೆ. ಭಾರತದಲ್ಲಿ ಅದು ಮೊದಲು ನಡೆದದ್ದು ನಮ್ಮ ಮೈಸೂರಿನ ಅರಮನೆ ಡೇರಿ ಫಾರಂನಲ್ಲಿ, 1939ರಲ್ಲಿ. ಸಂಪತ್ ಕುಮಾರನ್ ಎಂಬವರು ಹಾಲ್‌ಸ್ಟೀನ್ ಹೋರಿಯ ವೀರ್ಯವನ್ನು ಹಳ್ಳಿಕಾರ್ ಹಸುಗಳಿಗೆ ಹಾಕಿ 33 ಹಸು ಗಬ್ಬ ಕಟ್ಟಿಸಿದರು. ಆಗ ಹೆಪ್ಪುಗಟ್ಟಿಸುವುದು ಯಾರಿಗೂ ಗೊತ್ತಿರಲಿಲ್ಲ. 1949ರಲ್ಲಿ ಇಂಗ್ಲೆಂಡಿನಲ್ಲಿ ಪೋಲ್ಜ್, ಸ್ಮಿತ್, ಪಾರ್ಕ್ಸ್ ಎಂಬ ಮೂವರು ಗ್ಲಿಸರಿನ್ ಬೆರೆಸಿದರೆ ವೀರ್ಯಾಣು ಹಿಮದಲ್ಲೂ ಬದುಕುತ್ತೆ ಅಂತ ಕಂಡುಹಿಡಿದ ಮೇಲೆ ದಾರಿ ತೆರೆಯಿತು. ಈಗ ಹೆಸರಘಟ್ಟದಂಥ ಕಡೆ ತಯಾರಾಗಿ ನಮ್ಮ ಊರಿಗೆ ಕಡ್ಡಿ ಬರುತ್ತೆ.

ಒಂದು ಸಲ ತೆಗೆದ ವೀರ್ಯ 5 ಮಿ.ಲೀ. ಆಸುಪಾಸು ಇರುತ್ತೆ. ಅದರಲ್ಲಿ ಇನ್ನೂರು ಮುನ್ನೂರು ಕಡ್ಡಿ ಆಗಬಹುದು. ಅದಕ್ಕೆ ಬೆರೆಸುವ ದ್ರಾವಣದಲ್ಲಿ ಏನೇನಿದೆ ನೋಡಿ. ಬುತ್ತಿಗೆ ಫ್ರಕ್ಟೋಸ್. ಹುಳಿ ಏರದಂತೆ ಹಿಡಿಯಲು ಟ್ರಿಸ್ ಮತ್ತು ಸಿಟ್ರಿಕ್ ಆಮ್ಲ. ತಂಪು ಮಾಡುವಾಗ ಪೊರೆ ಬಿರಿಯದಿರಲು ಕೋಳಿಮೊಟ್ಟೆಯ ಹಳದಿ. ಒಳಗೆ ಹರಳುಗಟ್ಟದಿರಲು ಗ್ಲಿಸರಿನ್. ಕ್ರಿಮಿಗೆ ಪೆನಿಸಿಲಿನ್, ಸ್ಟ್ರೆಪ್ಟೊಮೈಸಿನ್. ಮೇಲೆ ಹೇಳಿದ ಒಂದೊಂದು ಶತ್ರುವಿಗೂ ಇಲ್ಲೊಂದು ಮದ್ದಿದೆ. ಆಮೇಲೆ ನಿಧಾನವಾಗಿ ತಂಪು ಮಾಡಿ, ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದಲ್ಲಿ ಮುಳುಗಿಸುತ್ತಾರೆ. ಅಲ್ಲಿ ಓಟವೂ ಇಲ್ಲ, ಖರ್ಚೂ ಇಲ್ಲ, ವರ್ಷಗಟ್ಟಲೆ ಇರುತ್ತೆ.

ಒಂದು ಕಡ್ಡಿಯಲ್ಲಿ ಕಾಲು ಮಿ.ಲೀ., ಅದರಲ್ಲಿ 2 ಕೋಟಿ ವೀರ್ಯಾಣು. ಕರಗಿಸಿದ ಮೇಲೆ ಅರ್ಧದಷ್ಟಾದರೂ ನೆಟ್ಟಗೆ ಓಡಬೇಕು ಅನ್ನೋದು ನಮ್ಮ ದೇಶದ ನಿಯಮ. ಅಂದರೆ ಎಲ್ಲಾ ಸರಿ ಇದ್ದರೂ ಅರ್ಧ ದಾರಿಯಲ್ಲೇ ಹೋಯಿತು. ಉಳಿದ 1 ಕೋಟಿಯನ್ನು ಕಾಪಾಡುವುದು ನಮ್ಮ ಕೊಟ್ಟಿಗೆ ಬಾಗಿಲಿನ ಕೆಲಸ. ಹೆಣ್ಣುಕರುವೇ ಹುಟ್ಟುವ ಕಡ್ಡಿ ಅಂತ ಈಗ ಬಂದಿದೆಯಲ್ಲ, ಅದರಲ್ಲಿ ಇರುವುದು 20-40 ಲಕ್ಷ ಮಾತ್ರ. ಅದಕ್ಕೆ ಇನ್ನೂ ಜಾಗ್ರತೆ ಬೇಕು. ಸರಿಯಾಗಿ ಬೆದೆ ಕಾಣುವ, ಆರೋಗ್ಯವಾದ ಕಡಸಿಗೆ ಹಾಕಿಸಿ. ಎರಡು ಸಲ ತಪ್ಪಿದ ಹಸುವಿಗೆ ಹಾಕಿಸಿದರೆ ದುಡ್ಡು ದಂಡ.

ಕಡ್ಡಿ ಹಾಕುವವರು ಬಂದಾಗ ನಾವು ನೋಡಬೇಕಾದ್ದು ಕಷ್ಟದ್ದೇನಲ್ಲ. ಮೊದಲು ಕ್ಯಾನು. ಅದರಲ್ಲಿ ಸಾರಜನಕ ಇದೆಯೇ? ಮುಚ್ಚಳ ತೆಗೆದಾಗ ಹೊಗೆ ಬಂದರೆ ಸಾಲದು, ತಳದಲ್ಲಿ ದ್ರವ ಇದ್ದು ಕಡ್ಡಿಗಳು ಅದರಲ್ಲಿ ಮುಳುಗಿರಬೇಕು. ಎರಡನೆಯದು, ಕಡ್ಡಿ ಹುಡುಕುವಾಗ ಗೊಂಚಲನ್ನೇ ಕ್ಯಾನಿನ ಕತ್ತಿನಿಂದ ಮೇಲಕ್ಕೆತ್ತಿ ಹಿಡಿದು ಮಾತಾಡುತ್ತಾ ನಿಲ್ಲಬಾರದು. ಐದಾರು ಸೆಕೆಂಡು ದಾಟಿದರೆ ಮಿಕ್ಕ ಕಡ್ಡಿಗಳಿಗೆ ಪೆಟ್ಟು. ಅವು ಮತ್ತೆ ಗಟ್ಟಿಯಾಗುವಾಗ ಒಳಗಿನ ಮಂಜಿನ ಹರಳು ದೊಡ್ಡದಾಗಿ ಪೊರೆ ಸೀಳುತ್ತೆ. ನಾಳೆ ಇನ್ನೊಬ್ಬರ ಹಸುವಿಗೆ ಅದೇ ಕಡ್ಡಿ ಹೋಗುವುದು.

ಮೂರನೆಯದು ನೀರು. 37 ಡಿಗ್ರಿ ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ನಿಮಿಷ. ಅಂಗೈಯಲ್ಲಿ ಉಜ್ಜುವುದು, ಜೇಬಿನಲ್ಲಿ ಇಟ್ಟುಕೊಳ್ಳುವುದು, ಬಾಯಲ್ಲಿ ಊದುವುದು ಎಲ್ಲವನ್ನೂ ನಾನು ಕಂಡಿದ್ದೇನೆ. ಒಬ್ಬರಂತೂ ಬಾನಿಯ ತಣ್ಣೀರಿಗೇ ಅದ್ದಿದರು. ಫೋನು ಮಾಡಿದ ತಕ್ಷಣ ನಮ್ಮ ಮನೆಯವರು ಫ್ಲಾಸ್ಕಿನಲ್ಲಿ ಬಿಸಿನೀರು ತುಂಬಿ ಇಡುತ್ತಾರೆ. ತಣ್ಣೀರು ಬೆರೆಸಿ, ಜ್ವರ ನೋಡುವ ಥರ್ಮಾಮೀಟರಿನಲ್ಲಿ ಹದ ನೋಡುತ್ತೇವೆ. ಮೊದಲ ಸಲ ಬಂದವರು ನಕ್ಕರು. ಈಗ ಅವರೇ ‘ನೀರು ರೆಡಿನಾ ಯಜಮಾನ್ರೆ’ ಅಂತಾರೆ.

ನೀರಿನಿಂದ ತೆಗೆದ ಕಡ್ಡಿ ಪೂರ್ತಿ ಒರೆಸಬೇಕು. ಒಂದು ಹನಿ ಬರಿ ನೀರು ವೀರ್ಯಕ್ಕೆ ಸೇರಿದರೆ ವೀರ್ಯಾಣು ನೀರು ಕುಡಿದು ಉಬ್ಬಿ ಬಾಲ ಸುರುಳಿಯಾಗುತ್ತೆ. ಸೋಪಿನ ನೊರೆ, ಸ್ಪಿರಿಟ್ಟು, ಬಿಸಿಲು ಇವೂ ಕೊಲ್ಲುತ್ತವೆ. ಕರಗಿಸಿದ ಮೇಲೆ ತಡಮಾಡದೆ ಹಾಕಬೇಕು. ಹಾಗಾಗಿ ಹಸುವನ್ನು ಮೊದಲೇ ನೆರಳಲ್ಲಿ ಕಟ್ಟಿ ಸಿದ್ಧ ಮಾಡಿರಿ. ಕಡ್ಡಿ ಕರಗಿಸಿ ಆಮೇಲೆ ಹಗ್ಗ ಹುಡುಕುವವರೇ ನಾವು. ದಿನಕ್ಕೆ ಹತ್ತಾರು ಊರು ಬೈಕಿನಲ್ಲಿ ಸುತ್ತುವವರನ್ನು ಮಾತ್ರ ಬೈದರೆ ನ್ಯಾಯವಲ್ಲ.

ಹೊತ್ತಿನ ವಿಷಯ ನಿಮಗೆ ಗೊತ್ತೇ ಇದೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮಾರನೇ ಬೆಳಿಗ್ಗೆ. ಕರಗಿಸಿದ ವೀರ್ಯಾಣು ಹಸುವಿನೊಳಗೆ ಒಂದು ದಿನಕ್ಕಿಂತ ಹೆಚ್ಚು ಬಾಳುವುದು ಕಷ್ಟ. ಬೇಗ ಹಾಕಿದರೂ ಕೆಟ್ಟಿತು, ತಡವಾಗಿ ಹಾಕಿದರೂ ಕೆಟ್ಟಿತು. ಇಷ್ಟೆಲ್ಲಾ ಮಾಡಿದರೂ ಎಲ್ಲಾ ಹಸುವೂ ಒಂದೇ ಸಲಕ್ಕೆ ಕಟ್ಟುವುದಿಲ್ಲ. ಮೂರರಲ್ಲಿ ಒಂದು ಕಟ್ಟಿದರೆ ನಮ್ಮ ದೇಶದಲ್ಲಿ ಸಾಧಾರಣ ಲೆಕ್ಕ. ಗರ್ಭಕೋಶದಲ್ಲಿ ಕೀವಿದ್ದರೆ, ಹಸು ಬಡವಾಗಿದ್ದರೆ ಎಂಥ ಬೀಜವೂ ನಿಲ್ಲದು. ಹಸುವಿನ ದೋಷ ಇಲ್ಲವೇ ಇಲ್ಲ ಅಂತ ನಾನು ಹೇಳುತ್ತಿಲ್ಲ.

ತೆಂಗಿನ ಸೀಮೆಯವರು ಕೇಳಿದರೆ ಖುಷಿಪಡುವ ಒಂದು ಸಂಗತಿ ಇದೆ. ಬ್ರೆಜಿಲ್ ದೇಶದ ಸಿಯಾರಾ ರಾಜ್ಯವೂ ನಮ್ಮ ಹಾಗೇ ಬಿಸಿಲು, ತೆಂಗು, ಆಡು ಇರುವ ಸೀಮೆ. ಅಲ್ಲಿನ ವಿಜ್ಞಾನಿಗಳು ಆಡು-ಕುರಿಯ ವೀರ್ಯಕ್ಕೆ ಎಳನೀರನ್ನೇ ಬೆರೆಸಿ ಬಳಸಿದರು, ಎಳನೀರಿನ ಪುಡಿಯನ್ನೂ ಅದಕ್ಕಾಗಿ ತಯಾರಿಸಿದರು. ಎಳನೀರಲ್ಲಿ ಸಕ್ಕರೆ ಇದೆ, ಲವಣ ಇದೆ. ಜೊತೆಗೆ ಗಿಡಕ್ಕೆ ಬೇರು ಬರಿಸುವ ಹಾರ್ಮೋನಿನ ಜಾತಿಯ ಒಂದು ವಸ್ತು ಇದ್ದು, ಅದು ವೀರ್ಯಾಣುವಿನ ಓಟಕ್ಕೂ ಒತ್ತಾಸೆ ಅಂತ ಅವರ ಅಭಿಪ್ರಾಯ. ಆದರೆ ಎಳನೀರು ಹುಳಿಯ ಕಡೆಗಿರುವುದರಿಂದ ಅದನ್ನು ಸರಿಮಾಡಿ, ಲವಣದ ಹದ ನೋಡಿಯೇ ಬಳಸಬೇಕು. ‘ಹಂಗಾದ್ರೆ ನಾನೇ ಒಂದು ಕಾಯಿ ಕೆತ್ತಲಾ?’ ಅಂತ ಅಕ್ಕನ ಮಗನನ್ನು ಕೇಳಿದೆ. ‘ಕೆತ್ತಿ ಮಾವ, ಕುಡಿಯೋಣ’ ಅಂದ.

ಕೊನೆಗೆ ದುಡ್ಡು ಖರ್ಚಿಲ್ಲದ ಒಂದು ಕೆಲಸ. ಹಾಕಿ ಮುಗಿದ ಮೇಲೆ ಖಾಲಿ ಕಡ್ಡಿಯನ್ನು ಬಿಸಾಡಲು ಬಿಡಬೇಡಿ. ಅದರ ಮೇಲೆ ಸಣ್ಣ ಅಕ್ಷರದಲ್ಲಿ ಹೋರಿಯ ನಂಬರು, ತಳಿ, ತಯಾರಾದ ಕೇಂದ್ರ, ತಾರೀಖು ಅಚ್ಚಾಗಿರುತ್ತೆ. ನಮ್ಮ ಮನೆಯಲ್ಲಿ ಕ್ಯಾಲೆಂಡರಿನ ಹಿಂದೆ ಅಂಟಿಸಿ, ಪಕ್ಕದಲ್ಲಿ ಹಸುವಿನ ಹೆಸರು, ಬೆದೆ ಕಂಡ ಹೊತ್ತು, ಹಾಕಿಸಿದ ಹೊತ್ತು ಬರೆಯುತ್ತೇವೆ. ಅಕ್ಕಪಕ್ಕದ ನಾಲ್ಕು ಮನೆಯವರೂ ಈಗ ಹಾಗೇ ಮಾಡುತ್ತಿದ್ದಾರೆ. ಒಂದೇ ನಂಬರಿನ ಹೋರಿ, ಒಂದೇ ತಾರೀಖಿನ ಕಡ್ಡಿ ಮೂರು ನಾಲ್ಕು ಕೊಟ್ಟಿಗೆಯಲ್ಲಿ ತಪ್ಪಿದರೆ ಆ ಹಾಳೆ ಹಿಡಿದುಕೊಂಡು ಪಶು ಆಸ್ಪತ್ರೆಗೆ ಹೋಗಬಹುದು. ಕ್ಯಾನಿನಲ್ಲಿ ಉಳಿದ ಅದೇ ತಾರೀಖಿನ ಒಂದು ಕಡ್ಡಿಯನ್ನು ಕರಗಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವುದು ಅವರಿಗೆ ಐದು ನಿಮಿಷದ ಕೆಲಸ. ಹಸುವನ್ನು ಸಂತೆಗೆ ಹೊಡೆಯುವ ಮುಂಚೆ ಅಷ್ಟನ್ನು ಕೇಳಿ.